ಅಮ್ಮನಿಂದ ಆರು ವರ್ಷದ ಮಗನವರೆಗೆ 11 ಜನ. ಸ್ಕೀಯಿಂಗ್‌ಗೆ ಯಾವ ಜಾಗ ಒಳ್ಳೆಯದು?

ಪೆರ್ಲದ ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಪ್ರಶ್ನೆ ಸ್ವಲ್ಪ ಉದ್ದ ಉಂಟು, ದಯವಿಟ್ಟು ಕೊನೆತನಕ ಓದಿ.

ಅಮ್ಮನಿಗೆ ಈಗ 68. ಅವರು ಹಿಮ ನೋಡಿದವರಲ್ಲ. ನಾಲ್ಕು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು ಮಳೆಯ ಜೊತೆ ಆಲಿಕಲ್ಲು ಬಿದ್ದಿತು. ಅಮ್ಮ ತಲೆಗೆ ಮುಟ್ಟಾಳೆ ಇಟ್ಟುಕೊಂಡು ಅಂಗಳಕ್ಕಿಳಿದರು. ಒಂದು ಸ್ಟೀಲ್ ಚೆಂಬು ತುಂಬ ಹೆಕ್ಕಿ ತಂದು ಫ್ರಿಜ್ಜಿನಲ್ಲಿಟ್ಟರು. ವಾರಗಟ್ಟಲೆ ಮನೆಗೆ ಬಂದವರಿಗೆಲ್ಲ ತೆಗೆದು ತೋರಿಸಿದರು. ಕೊನೆಗೆ ಒಂದು ದಿನ ಕರೆಂಟ್ ಹೋಗಿ ಎಲ್ಲ ಕರಗಿತು. ಆ ನೀರನ್ನು ತುಳಸಿಗೆ ಹಾಕಿದರು. ಮೊನ್ನೆ ಅಣ್ಣ ದುಬೈಯಿಂದ ಬಂದಾಗ ಈ ಮಾತು ಬಂತು. "ಅಮ್ಮನಿಗೆ ನಿಜವಾದ ಹಿಮ ತೋರಿಸೋಣ, ನಾವೂ ಸ್ಕೀ ಮಾಡೋಣ" ಎಂದ. ಎಲ್ಲರೂ ಒಪ್ಪಿದೆವು. ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಹೋಗುವವರು 11 ಜನ. ಅಣ್ಣ ಚೆನ್ನಾಗಿ ಸ್ಕೀ ಮಾಡುತ್ತಾನೆ. ಸ್ಕೀ ದುಬೈನಲ್ಲಿ, ಮಾಲ್ ಒಳಗಿನ ಇಳಿಜಾರಿನಲ್ಲಿ ಕಲಿತದ್ದು. ಆಮೇಲೆ ಎರಡು ಸಲ ಆಸ್ಟ್ರಿಯಾಕ್ಕೂ ಹೋಗಿ ಬಂದಿದ್ದಾನೆ. ಅವನ ಮಗಳಿಗೆ 15 ವರ್ಷ, ಸ್ನೋಬೋರ್ಡ್‌ನಲ್ಲಿ ಅಪ್ಪನಿಗಿಂತ ಒಂದು ಹೆಜ್ಜೆ ಮುಂದೆ. ಮಗನಿಗೆ 12, ಅವನೂ ಪರವಾಗಿಲ್ಲ. ಅತ್ತಿಗೆ ಸ್ವಲ್ಪ ಕಲಿತಿದ್ದಾರೆ. ನಾನು, ನನ್ನ ಗಂಡ, 10 ವರ್ಷದ ಮಗಳು, 6 ವರ್ಷದ ಮಗ, ನಾವು ನಾಲ್ವರೂ ಹೊಸಬರು. ತಂಗಿಗೆ ಎತ್ತರ ಎಂದರೆ ಹೆದರಿಕೆ, ಪೊಸಡಿಗುಂಪೆ ಗುಡ್ಡಕ್ಕೆ ಹೋದರೂ ಅಂಚಿಗೆ ಬರುವುದಿಲ್ಲ. ಅವಳ ಗಂಡನಿಗೆ ದಿನಾ ಓಡುವ ಅಭ್ಯಾಸ, ದೇಹ ಗಟ್ಟಿ, ಆದರೆ ಸ್ಕೀ ಮುಟ್ಟಿದವರಲ್ಲ. ಅಮ್ಮನಿಗೆ ಮಂಡಿ ನೋವು, ಬಿಪಿಗೆ ಮಾತ್ರೆ ಉಂಟು. ಅವರಿಗೆ ಸ್ಕೀ ಬೇಡ. ಹಿಮ ಮುಟ್ಟಬೇಕು, ಬೆಚ್ಚಗೆ ಕೂತು ಮೊಮ್ಮಕ್ಕಳ ಆಟ ನೋಡಬೇಕು, ಅಷ್ಟೇ.

ಸಮಯದ್ದು ಇನ್ನೊಂದು ತೊಡಕು. ಅಣ್ಣ ಕ್ರಿಸ್‌ಮಸ್ ರಜೆ ಎನ್ನುತ್ತಾನೆ. ನಮಗೆ ಆಗ ಅಡಿಕೆ ಕೊಯ್ಲು. ಅಂಗಳ ತುಂಬ ಅಡಿಕೆ ಹರಡಿರುತ್ತೇವೆ. ಇಲ್ಲದಿದ್ದರೆ ಮಾರ್ಚ್ ಕೊನೆ. ಆಗ ನಮ್ಮ ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ದುಬೈಯ ಮಕ್ಕಳಿಗೂ ಹೊಸ ತರಗತಿ ಶುರುವಾಗುವ ಮೊದಲು ಕೆಲವು ದಿನ ಬಿಡುವು ಉಂಟು. ತೋಟಕ್ಕೆ ನೀರು ಬಿಡಲು ಪಕ್ಕದ ಮನೆಯವರು ಒಪ್ಪಿದ್ದಾರೆ.

ಮೂರು ಜಾಗದ ಹೆಸರು ಬಂದಿದೆ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಜಾರ್ಜಿಯಾ ದೇಶದ ಗುಡೌರಿ. ಅಣ್ಣನ ಮನಸ್ಸು ಗುಲ್ಮಾರ್ಗ್ ಮೇಲೆ. ಅಲ್ಲಿಯ ಮೇಲಿನ ಇಳಿಜಾರಿಗೆ ದೂರದ ದೇಶಗಳಿಂದ ಜನ ಬರುತ್ತಾರಂತೆ. ಔಲಿ ಹೊಸಬರಿಗೆ ಸುಲಭ ಎಂದು ನಾನು ಕೇಳಿದ್ದೇನೆ. ಗುಡೌರಿ ದುಬೈಯಿಂದ ಹತ್ತಿರ, ಆದರೆ ಊರಿಂದ ಹೋಗುವ ನಮಗೆ ಪಾಸ್‌ಪೋರ್ಟ್, ವೀಸಾ ಎಲ್ಲ ಆಗಬೇಕು. ಹನ್ನೊಂದು ಜನರಿಗೂ ಸರಿಹೋಗುವ ಜಾಗ ಯಾವುದು? ಹೋಗಿ ಬಂದವರು ದಯವಿಟ್ಟು ಹೇಳಿ.

ನೀರ್ಚಾಲಿನ ಹುಡುಗ

ಔಲಿಯ ಬಗ್ಗೆ ನಾನು ಹೇಳಬಲ್ಲೆ. 2020ರ ಫೆಬ್ರವರಿಯಲ್ಲಿ ಅಲ್ಲಿ ಏಳು ದಿನದ ಕೋರ್ಸ್ ಮಾಡಿದ್ದೆ, ಗಢ್ವಾಲ್ ಮಂಡಲ್ ವಿಕಾಸ್ ನಿಗಮದ್ದು. ಕಲಿಯಲಿಕ್ಕೆ ತುಂಬಾ ಒಳ್ಳೆಯ ಇಳಿಜಾರು. ಬಿದ್ದು ಎದ್ದು ತಲೆ ಎತ್ತಿದರೆ ಎದುರಿಗೆ ನಂದಾದೇವಿ. ನನಗೆ ಅದು ಜೀವನದ ಅತ್ಯಂತ ಒಳ್ಳೆಯ ವಾರ.

ಆದರೆ ನಿಮ್ಮ ಗುಂಪಿಗೆ ಔಲಿ ಬೇಡ ಅಕ್ಕ. ಋಷಿಕೇಶದಿಂದ 250 ಕಿ.ಮೀ.ಗೂ ಜಾಸ್ತಿ ಬೆಟ್ಟದ ದಾರಿ, ಇಡೀ ದಿನ ಬೇಕು. ಮಂಡಿ ನೋವಿನವರು ಅಷ್ಟು ಹೊತ್ತು ಕಾಲು ಮಡಚಿ ಕೂರುವುದು ಹೇಗೆ? ಜೋಶಿಮಠದಲ್ಲಿ ನೆಲ ಬಿರುಕು ಬಿಟ್ಟ ಮೇಲೆ, 2023ರ ಜನವರಿಯಲ್ಲಿ, ಅಲ್ಲಿಂದ ಔಲಿಗೆ ಏರುವ 4 ಕಿ.ಮೀ. ರೋಪ್‌ವೇಯನ್ನೂ ನಿಲ್ಲಿಸಿದರು. ಅಮ್ಮನಂಥವರಿಗೆ ಇದ್ದ ದೊಡ್ಡ ಅನುಕೂಲವೇ ಅದು. ಮೇಲೆ ಇರುವುದು 800 ಮೀಟರಿನ ಒಂದು ಚೇರ್‌ಲಿಫ್ಟ್. ಅಣ್ಣನಿಗೂ ಮಗಳಿಗೂ ಎರಡು ದಿನಕ್ಕೆ ಮುಗಿಯುತ್ತದೆ. ಮಾರ್ಚ್ ಕೊನೆಗಂತೂ ಅಲ್ಲಿ ಹಿಮವನ್ನು ನಂಬಬೇಡಿ.

ಮಂಜೇಶ್ವರದ ಮೇಷ್ಟ್ರು

ಗುಲ್ಮಾರ್ಗ್‌ಗೆ ನಾನು ಎರಡು ಸಲ ಹೋಗಿದ್ದೇನೆ. 2019ರಲ್ಲಿ ನಾನೂ ಹೆಂಡತಿಯೂ ಮಾತ್ರ, ಸುಮ್ನೆ ನೋಡಿ ಬರಲಿಕ್ಕೆ. 2023ರ ಫೆಬ್ರವರಿಯಲ್ಲಿ ಇಡೀ ಮನೆ ಹೋದೆವು, ಒಂಬತ್ತು ಜನ, ಸ್ಕೀಗೆ. ಆ ಎರಡನೇ ಸಲದ್ದನ್ನೇ ಬರೆಯುತ್ತೇನೆ. ನಮ್ಮ ಗುಂಪೂ ನಿಮ್ಮದರ ಹಾಗೆಯೇ ಇತ್ತು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ವಯಸ್ಸಾದವರಿಗೆ ಅದು ಸುಲಭದ ಜಾಗ. ಶ್ರೀನಗರ ವಿಮಾನ ನಿಲ್ದಾಣದಿಂದ ಸುಮಾರು 55 ಕಿ.ಮೀ. ತಂಗ್‌ಮಾರ್ಗ್ ತನಕ ಮಾಮೂಲಿ ಕಾರು. ಅಲ್ಲಿಂದ 13 ಕಿ.ಮೀ. ಏರು. ಹಿಮ ಜೋರಾಗಿದ್ದರೆ ಚಕ್ರಕ್ಕೆ ಸರಪಳಿ ಕಟ್ಟಿದ ಜೀಪಿಗೆ ಬದಲಾಯಿಸಬೇಕು. ಗುಲ್ಮಾರ್ಗ್ ಎಂದರೆ ಬೆಟ್ಟಗಳ ನಡುವಿನ ಒಂದು ಬಟ್ಟಲು. ಎತ್ತರ ಸುಮಾರು 2,650 ಮೀಟರ್. ಬೇಸಿಗೆಯಲ್ಲಿ ಗಾಲ್ಫ್ ಆಡುವ ಬಯಲು, ಚಳಿಗಾಲದಲ್ಲಿ ಅದರ ಸುತ್ತಲಿನ ಸಣ್ಣ ದಿಬ್ಬಗಳಲ್ಲೇ ಹೊಸಬರು ಕಲಿಯುವುದು. ಅಮ್ಮ ಒಂದು ಕುರ್ಚಿ ಹಾಕಿಸಿಕೊಂಡು ಕೂತರೆ ಮಕ್ಕಳು ಕಣ್ಣೆದುರೇ ಇರುತ್ತಾರೆ. ನನ್ನ ಮೊಮ್ಮಗ ಊರಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಅಂಗಳವಿಡೀ ಎಳೆಸಿಕೊಂಡು ಬೆಳೆದವನು. ಅಲ್ಲಿಯ ಮರದ ಸ್ಲೆಡ್ಜ್ ನೋಡಿದ ಕೂಡಲೇ "ಅಜ್ಜಾ, ಹಾಳೆ!" ಎಂದು ಕೂಗಿದ. ಮಕ್ಕಳ ಚಿಂತೆ ನಿಮಗೆ ಬೇಡವೇ ಬೇಡ.

ಇನ್ನು ಮೇಲಿನದ್ದು. ಗೊಂಡೊಲಾ, ಅಂದರೆ ತಂತಿಯಲ್ಲಿ ತೂಗುತ್ತಾ ಏರುವ ಮುಚ್ಚಿದ ಪೆಟ್ಟಿಗೆ, ಎರಡು ಹಂತ. ಮೊದಲನೆಯದು ಕೊಂಗ್ಡೋರಿಗೆ, 3,000 ಮೀಟರ್ ದಾಟಿದ ಜಾಗ. ಎರಡನೆಯದು ಅಫರ್ವತ್ ಬೆಟ್ಟದ ಹೆಗಲಿಗೆ, 3,900 ಮೀಟರಿಗಿಂತ ಮೇಲೆ. ನಿಮ್ಮ ಅಣ್ಣ ಹೇಳುವುದು ಅಲ್ಲಿಂದ ಇಳಿಯುವ ಇಳಿಜಾರನ್ನು. ಅವರು ಹೇಳಿದ್ದು ಸರಿ, ಅದು ಹೆಸರಾದದ್ದೇ. ಆದರೆ ಅದು ಯಂತ್ರ ಓಡಿಸಿ ಹದ ಮಾಡಿದ ದಾರಿ ಅಲ್ಲ. ಆಕಾಶದಿಂದ ಬಿದ್ದ ಹಾಗೇ ಇರುವ ಹಿಮ. ನಾವು ಹೋಗುವ ಎರಡು ವಾರ ಮೊದಲು, ಫೆಬ್ರವರಿ 1ರಂದು, ಅಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ತೀರಿಕೊಂಡಿದ್ದರು. ಆ ಕಡೆಗೆ ಸ್ಥಳೀಯ ಗೈಡ್ ಇಲ್ಲದೆ ಯಾರೂ ಹೋಗಬಾರದು. ಹಿಮದಡಿ ಸಿಕ್ಕವರನ್ನು ಹುಡುಕುವ ಬೀಕನ್, ಚುಚ್ಚಿ ನೋಡುವ ಕೋಲು, ಸಲಿಕೆ, ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು, ಬಳಸಲು ಬರಬೇಕು. 15 ವರ್ಷದ ಹುಡುಗಿ ಎಷ್ಟೇ ಜಾಣೆಯಾದರೂ ಮಾಲ್ ಒಳಗೆ ಕಲಿತದ್ದು ಅಲ್ಲಿಗೆ ಸಾಲದು. ಇದನ್ನು ಅವಳ ಅಪ್ಪನಿಗೆ ನೀವೇ ಹೇಳಿ, ದಯವಿಟ್ಟು.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಅಮ್ಮನ ಬಗ್ಗೆ ನೀವು ಮನಸ್ಸು ತುಂಬಿ ಬರೆದಿರಿ. ಅಣ್ಣನ ಬಗ್ಗೆ, ಮಕ್ಕಳ ಬಗ್ಗೆ, ತಂಗಿಯ ಹೆದರಿಕೆಯ ಬಗ್ಗೆಯೂ ಬರೆದಿರಿ. ಅತ್ತಿಗೆಯ ಬಗ್ಗೆ ಬರೆದದ್ದು "ಸ್ವಲ್ಪ ಕಲಿತಿದ್ದಾರೆ" ಎಂಬ ಎರಡೇ ಪದ. 2023ರಲ್ಲಿ ನಾನು ಪಟ್ಟಿ ಮಾಡಿದಾಗಲೂ ಹೀಗೇ ಆಗಿತ್ತು. ನನ್ನ ಸೊಸೆಯ ಹೆಸರಿನ ಮುಂದೆ "ಸ್ವಲ್ಪ ಬರುತ್ತದೆ" ಎಂದು ಬರೆದಿದ್ದೆ.

ಅವಳು ಹಿಂದಿನ ಚಳಿಗಾಲದಲ್ಲಿ ಮನಾಲಿಯ ಹತ್ತಿರದ ಸೋಲಾಂಗ್‌ನಲ್ಲಿ ಐದು ದಿನ ಕಲಿತಿದ್ದಳು. ತಿರುಗಲು ಬರುತ್ತಿತ್ತು, ನಿಲ್ಲಲು ಬರುತ್ತಿತ್ತು. ಕಡಿದಾದ ಕಡೆ ಧೈರ್ಯ ಸಾಲದು. ಮೊದಲ ದಿನ ನಮ್ಮ ಜೊತೆ ಬುಡದ ದಿಬ್ಬದಲ್ಲೇ ಇದ್ದಳು. ಅವಳಿಗೆ ಅಲ್ಲಿ ಕಲಿಯುವುದು ಏನೂ ಉಳಿದಿರಲಿಲ್ಲ. ಎರಡನೇ ದಿನ ಮಗ ಅವಳನ್ನು ಕೊಂಗ್ಡೋರಿಗೆ ಕರೆದುಕೊಂಡು ಹೋದ. ಅಲ್ಲಿಂದ ಮರಗಳ ನಡುವೆ ಇಳಿಯುವ ದಾರಿ. ಆ ದಿನ ಹಿಮ ಗಟ್ಟಿಯಾಗಿ ಉಬ್ಬು ತಗ್ಗಾಗಿತ್ತು. ಅರ್ಧ ದಾರಿಯಲ್ಲಿ ಅವಳ ಕಾಲು ನಡುಗಿತು. ಉಳಿದದ್ದನ್ನು ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಟ್ಟು ಇಳಿದಳು. ಕೆಳಗೆ ಬರುವಾಗ ಮಧ್ಯಾಹ್ನ ಕಳೆದಿತ್ತು.

ಮೂರನೇ ದಿನ ನಾನು ನೀರು ಕುಡಿಯಲು ಚಹಾದಂಗಡಿಗೆ ಬಂದೆ. ಅವಳು ಮೂಲೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಬೂಟಿನ ಕೊಂಡಿಗಳನ್ನು ಬಿಚ್ಚಿದ್ದಳು. ಮುಂದಿನ ಕಹ್ವಾ ಆರಿ, ಬಾದಾಮಿ ಚೂರು ಲೋಟದ ಅಡಿಗೆ ಇಳಿದಿತ್ತು. ಕೈಯಲ್ಲಿ ಗಾಗಲ್ಸ್ ಹಿಡಿದು ಒರೆಸುತ್ತಿದ್ದಳು. ಅದು ಆಗಲೇ ಶುಭ್ರವಾಗಿತ್ತು. "ಮಾವ, ನೀವು ಹೋಗಿ ಆಡಿ. ನಾನು ಚೀಲ ನೋಡಿಕೊಳ್ಳುತ್ತೇನೆ" ಎಂದಳು. ಉಳಿದ ದಿನವೆಲ್ಲ ಅವಳು ನಮ್ಮ ಚೀಲ ನೋಡಿಕೊಂಡಳು. ನಮ್ಮೊಳಗೆ ಎಲ್ಲರಿಗಿಂತ ಜಾಸ್ತಿ ಆಸೆಯಿಂದ ಬಂದವಳು ಅವಳು. ನನಗೆ ಆ ಬೆಂಚು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಹೊಸಬರಿಗೆ ಯಾವ ಊರಲ್ಲೂ ಒಂದು ಸಣ್ಣ ದಿಬ್ಬ ಸಿಗುತ್ತದೆ. ಪಳಗಿದವರು ಎಲ್ಲಿಯಾದರೂ ಆಡಿಕೊಳ್ಳುತ್ತಾರೆ. ನಡುವಿನವರಿಗೆ ಮಾತ್ರ ಜಾಗ ಬೇಕು. ಅಗಲವಾದ, ಉದ್ದವಾದ, ರಾತ್ರಿ ಯಂತ್ರ ಓಡಿಸಿ ಬಾಚಣಿಗೆಯಲ್ಲಿ ಬಾಚಿದ ಹಾಗೆ ಮಾಡಿದ ದಾರಿ ಬೇಕು. ಗುಲ್ಮಾರ್ಗ್‌ನಲ್ಲಿ ಅಂಥದ್ದು ಕಡಿಮೆ. ಯೂರೋಪಿನ ನಕ್ಷೆಗಳಲ್ಲಿ ಹಸಿರು ಗೆರೆ ತೀರಾ ಸುಲಭ, ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟದ್ದು. ಯಾವ ಊರೇ ಇರಲಿ, ಮೊದಲು ನಕ್ಷೆ ತೆಗೆದು ನೀಲಿ ಗೆರೆ ಎಷ್ಟು ಉಂಟು, ಅದು ಬೆಟ್ಟದ ಮೇಲಿಂದ ಶುರುವಾಗುತ್ತದೋ ಬರೀ ಬುಡದಲ್ಲಿ ಉಂಟೋ ನೋಡಿ. ಮೇಲಿಂದ ಇದ್ದರೆ ಅಣ್ಣ ಅತ್ತಿಗೆ ಒಂದೇ ಲಿಫ್ಟಿನಲ್ಲಿ ಏರಬಹುದು. ಅವರು ಕೆಂಪಿನಲ್ಲಿ ಬರಲಿ, ಇವರು ನೀಲಿಯಲ್ಲಿ ಬರಲಿ, ಮಧ್ಯಾಹ್ನ ಊಟಕ್ಕೆ ಒಂದೇ ಮೇಜಿಗೆ ಸೇರಬಹುದು.

ಆದರೂ ಗುಲ್ಮಾರ್ಗ್ ಎಂದೇ ನಿರ್ಧಾರವಾದರೆ ಕ್ರಿಸ್‌ಮಸ್ ಬೇಡ. ಕಾಶ್ಮೀರದ 40 ದಿನದ ಕಡು ಚಳಿ, ಚಿಲ್ಲೈ ಕಲಾನ್, ಶುರುವಾಗುವುದೇ ಡಿಸೆಂಬರ್ 21ಕ್ಕೆ. ಚಳಿ ಬಂದಿತೆಂದು ಹಿಮ ಬಂದೇ ಬಿಡುವುದಿಲ್ಲ. 2024ರ ಜನವರಿಯಲ್ಲಿ ಅಲ್ಲಿ ಹುಲ್ಲು ಕಾಣುತ್ತಿತ್ತು. ಫೆಬ್ರವರಿ ಒಳ್ಳೆಯದು. ಗೊಂಡೊಲಾ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ಮಾಡಿ. ಗಾಳಿ ಜೋರಾದರೆ ಎರಡನೇ ಹಂತ ನಿಲ್ಲಿಸುತ್ತಾರೆ, ಅದಕ್ಕೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು.

ಎಲ್ಲಿಗೆ ಹೋದರೂ ಬೂಟಿನ ವಿಷಯದಲ್ಲಿ ಸಂಕೋಚ ಮಾಡಬೇಡಿ. ಬಾಡಿಗೆ ಅಂಗಡಿಯೊಂದರಲ್ಲಿ ನನ್ನ ಹೆಂಡತಿಗೆ ಒಂದು ನಂಬರ್ ದೊಡ್ಡ ಬೂಟು ಕೊಟ್ಟು "ಎರಡು ಸಾಕ್ಸ್ ಹಾಕಿ, ಸರಿಯಾಗುತ್ತದೆ" ಎಂದರು. ಸಂಜೆಗೆ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಸಾಕ್ಸ್ ಒಂದೇ ಇರಬೇಕು. ನೆಟ್ಟಗೆ ನಿಂತರೆ ಬೆರಳ ತುದಿ ಮುಂದೆ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು. ಹಿಮ್ಮಡಿ ಏಳಬಾರದು.

ಬದಿಯಡ್ಕದ ನರ್ಸ್

ಅಮ್ಮನ ವಿಷಯ ಓದಿ ಬರೆಯಬೇಕು ಅನಿಸಿತು. ನಾವು ಸಮುದ್ರದ ಮಟ್ಟದಲ್ಲಿ ಬದುಕುವವರು. 2,500 ಮೀಟರ್ ದಾಟಿದರೆ ತಲೆನೋವು, ವಾಂತಿ ಬಂದ ಹಾಗೆ ಆಗುವುದು, ನಿದ್ದೆ ಬಾರದಿರುವುದು ಯಾರಿಗೂ ಆಗಬಹುದು. ಗಟ್ಟಿ ದೇಹದವರಿಗೂ ಆಗುತ್ತದೆ. ಗುಲ್ಮಾರ್ಗ್ ಆದರೆ ಮೊದಲ ರಾತ್ರಿ ಶ್ರೀನಗರದಲ್ಲಿ ಮಲಗಿ, ಅದು 1,600 ಮೀಟರ್ ಆಸುಪಾಸು. ಮೇಲೆ ಹೋದ ದಿನ ಓಡಾಟ ಬೇಡ, ನೀರು ಜಾಸ್ತಿ ಕುಡಿಯಿರಿ. ಅಮ್ಮನ ಬಿಪಿ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಹೊರಡುವ ಮೊದಲು ಅವರ ಡಾಕ್ಟರಿಗೆ ಎತ್ತರದ ಜಾಗಕ್ಕೆ ಹೋಗುತ್ತೇವೆ ಎಂದು ಹೇಳಿ ಕೇಳಿ. ತಲೆನೋವು ಜೋರಾದರೆ, ಕೂತಲ್ಲೇ ದಮ್ಮು ಕಟ್ಟಿದರೆ, ಕಾಯಬೇಡಿ, ಕೂಡಲೇ ಕೆಳಗೆ ಇಳಿಸಿ.

ಹೊಸಬರಿಗೆ ಇನ್ನೊಂದು ಮಾತು. ಸ್ಕೀಯಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಮಂಡಿಗೆ. ಬಿದ್ದಾಗ ಬೂಟು ಹಲಗೆಯಿಂದ ಕಳಚಿಕೊಳ್ಳಬೇಕು. ಆ ಬಿಗಿಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಎಷ್ಟು ಬರುತ್ತದೆ ಎಂಬುದನ್ನು ನೋಡಿಯೇ ಅಂಗಡಿಯವರು ಹೊಂದಿಸುವುದು. ಸರಿಯಾದ ತೂಕ ಹೇಳಿ. ಹೊಸಬರೆಂದು ಹೇಳಲು ನಾಚಿಕೆ ಬೇಡ. ಎರಡು ತಿಂಗಳು ಮೊದಲೇ ತೊಡೆಗೆ ಅಭ್ಯಾಸ ಕೊಡಿ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲುವುದು, ತೋಟದ ಮೆಟ್ಟಿಲು ನಿಧಾನವಾಗಿ ಇಳಿಯುವುದು. ಏರುವುದಕ್ಕಿಂತ ಇಳಿಯುವ ಅಭ್ಯಾಸ ಮುಖ್ಯ.

ಉಪ್ಪಳ ಶಾರ್ಜಾ

ಮೇಷ್ಟ್ರು ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ, ಇನ್ನೊಮ್ಮೆ ಓದಲು ಹೇಳಿದಳು. ಅವಳೂ ನಡುವಿನವಳೇ.

ನಾವು ಶಾರ್ಜಾದಿಂದ ಮೂರು ಸಲ ಗುಡೌರಿಗೆ ಹೋಗಿದ್ದೇವೆ. ನಿಮ್ಮ ಗುಂಪಿಗೆ ನಾನು ಅದನ್ನೇ ಹೇಳುತ್ತೇನೆ. ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯಿಂದ ಸುಮಾರು 120 ಕಿ.ಮೀ., ಎರಡು ಎರಡೂವರೆ ಗಂಟೆ. ಊರು ಇರುವುದು 2,200 ಮೀಟರ್ ಆಸುಪಾಸಿನಲ್ಲಿ, ಅಂದರೆ ಅಮ್ಮ ಮಲಗುವುದು ಗುಲ್ಮಾರ್ಗ್‌ಗಿಂತ ಕೆಳಗೆ. ಲಿಫ್ಟುಗಳು 3,200 ಮೀಟರ್ ದಾಟಿ ಹೋಗುತ್ತವೆ. ಮುಖ್ಯ ವಿಷಯ, ನೀಲಿ ಮತ್ತು ಕೆಂಪು ದಾರಿಗಳು ಬೆಟ್ಟದ ಮೇಲಿಂದ ಉದ್ದಕ್ಕೆ ಬರುತ್ತವೆ, ಯಂತ್ರದಲ್ಲಿ ಹದ ಮಾಡಿರುತ್ತಾರೆ. ಮೊದಲ ವರ್ಷ ನನ್ನ ಹೆಂಡತಿ ಒಂದೇ ನೀಲಿ ದಾರಿಯಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಇಳಿದಳು. ಯಾರ ಹಿಂದೆಯೂ ಓಡಬೇಕಾಗಲಿಲ್ಲ, ಯಾರನ್ನೂ ಕಾಯಬೇಕಾಗಲಿಲ್ಲ. ಸಂಜೆ ಅವಳ ಮುಖ ನೋಡಬೇಕಿತ್ತು.

ಅಮ್ಮನಿಗೂ ತಂಗಿಗೂ ಸುಮ್ಮನೆ ಕೂರುವ ಪ್ರಶ್ನೆ ಇಲ್ಲ. ಸ್ಕೀ ಇಲ್ಲದವರೂ ಗೊಂಡೊಲಾದಲ್ಲಿ ಮೇಲೆ ಹೋಗಿ ಹೋಟೆಲಿನಲ್ಲಿ ಕೂತು ಅದರಲ್ಲೇ ಇಳಿಯಬಹುದು. ಗಾಜಿನ ಪೆಟ್ಟಿಗೆ ಮುಚ್ಚಿರುತ್ತದೆ, ಕಾಲು ಕೆಳಗೆ ತೂಗುವುದಿಲ್ಲ. ತಂಗಿಯನ್ನು ಗುಡ್ಡದ ಕಡೆಗೆ ಮುಖ ಮಾಡಿ ಕೂರಿಸಿ. ತೆರೆದ ಚೇರ್‌ಲಿಫ್ಟಿಗೆ ಒತ್ತಾಯ ಮಾಡಬೇಡಿ. ಊರಿಂದ ಸ್ವಲ್ಪ ಮುಂದೆ 1983ರಲ್ಲಿ ಕಟ್ಟಿದ ಗುಂಡಗಿನ ಸ್ಮಾರಕ ಉಂಟು, ಒಳಗಡೆ ಇಡೀ ಗೋಡೆಗೆ ಬಣ್ಣದ ಮೊಸಾಯಿಕ್. ಅಲ್ಲಿ ನಿಂತರೆ ಕಣಿವೆ ಪೂರ್ತಿ ಕಾಣುತ್ತದೆ. ಅಮ್ಮನಿಗೆ ಒಂದು ಮಧ್ಯಾಹ್ನಕ್ಕೆ ಅದು ಸಾಕು. ಸಸ್ಯಾಹಾರಿಗಳಾದರೆ ಲೋಬಿಯಾನಿ ಕೇಳಿ, ಬೀನ್ಸ್ ತುಂಬಿದ ಬಿಸಿ ರೊಟ್ಟಿ. ಚೀಸ್ ತುಂಬಿದ್ದು ಖಾಚಾಪುರಿ. ನನ್ನ ತಾಯಿ ಮಾತ್ರ ಮನೆಯ ಉಪ್ಪಿನಕಾಯಿ ಬಾಟಲಿ ಇಲ್ಲದೆ ಊಟಕ್ಕೆ ಏಳಲಿಲ್ಲ, ಅದನ್ನೂ ಕಟ್ಟಿಕೊಳ್ಳಿ.

ಕೊರತೆಯನ್ನೂ ಹೇಳಬೇಕು. ಗುಡೌರಿಯ ಇಳಿಜಾರಿನಲ್ಲಿ ಮರಗಳಿಲ್ಲ, ಎಲ್ಲ ಬೋಳು ಬೆಟ್ಟ. ಮೋಡ ಇಳಿದರೆ ನೆಲ ಯಾವುದು ಆಕಾಶ ಯಾವುದು ಗೊತ್ತಾಗುವುದಿಲ್ಲ, ಎಲ್ಲವೂ ಬಿಳಿ. ಅಂಥ ದಿನ ಹೊಸಬರು ಆಡಲೇಬಾರದು. ಗುಲ್ಮಾರ್ಗ್‌ನಲ್ಲಾದರೆ ಮರಗಳ ನಡುವೆ ದಾರಿ ಕಾಣುತ್ತದೆ. ಒಂದು ವಾರಕ್ಕೆ ಹೋದರೆ ಅಂಥ ಒಂದು ಎರಡು ದಿನ ಇದ್ದೇ ಇರುತ್ತದೆ ಎಂದುಕೊಳ್ಳಿ. ಮಾರ್ಚ್ ಕೊನೆಯಲ್ಲಿ ಮೇಲೆ ಹಿಮ ಚೆನ್ನಾಗಿರುತ್ತದೆ, ಕೆಳಗೆ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ ಕಾಲು ಹಿಡಿಯುತ್ತದೆ. ಹೊಸಬರ ಕ್ಲಾಸ್ ಬೆಳಿಗ್ಗೆಗೇ ಇಟ್ಟುಕೊಳ್ಳಿ.

ಕಾಗದಪತ್ರ. ಯುಎಇ ರೆಸಿಡೆನ್ಸ್ ವೀಸಾ ಇರುವ ಅಣ್ಣನ ಮನೆಯ ನಾಲ್ವರಿಗೆ ಜಾರ್ಜಿಯಾಕ್ಕೆ ಬೇರೆ ವೀಸಾ ಬೇಡ. ಊರಿಂದ ಬರುವ ನೀವು ಏಳು ಜನ ಇ-ವೀಸಾ ಮಾಡಿಸಬೇಕು. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮೊದಲು ಇನ್ನೊಮ್ಮೆ ನೋಡಿ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಇನ್ಶೂರೆನ್ಸ್, ಎಲ್ಲದರ ಪ್ರಿಂಟ್ ಪ್ರತಿಯೊಬ್ಬರ ಕೈಯಲ್ಲೂ ಇರಲಿ. ಇನ್ಶೂರೆನ್ಸಿನಲ್ಲಿ ಸ್ಕೀ ಸೇರಿದೆ ಎಂದು ಬರೆದಿರಬೇಕು. ಮಾಮೂಲಿ ಪ್ರಯಾಣದ ಪಾಲಿಸಿಯಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ.

ಒಂದು ಉಪಾಯ ಹೇಳಲಾ? ಮಂಗಳೂರಿನಿಂದ ದುಬೈಗೆ ಬಂದು ಅಣ್ಣನ ಮನೆಯಲ್ಲಿ ಎರಡು ದಿನ ಉಳಿಯಿರಿ. ಯುಎಇ ವೀಸಾದ ಖರ್ಚು ಬರುತ್ತದೆ, ಆದರೆ ಅಮ್ಮನಿಗೂ ಪ್ರಯಾಣದ ನಡುವೆ ವಿಶ್ರಾಂತಿ. ಆ ಎರಡು ದಿನದಲ್ಲಿ ಹೊಸಬರಿಗೆಲ್ಲ ಸ್ಕೀ ದುಬೈನಲ್ಲಿ ಒಂದೊಂದು ಕ್ಲಾಸ್ ಹಾಕಿಸಿ. 2005ರಿಂದ ಇರುವ ಜಾಗ, ಅತಿ ಉದ್ದದ ಇಳಿಜಾರೇ 400 ಮೀಟರ್. ಗಾಳಿ ಇಲ್ಲ, ಮೋಡ ಇಲ್ಲ. ಸ್ಕೀಯ ಮೂತಿ ಎರಡನ್ನೂ ಹತ್ತಿರ ತಂದು ಹಿಂಭಾಗ ಅಗಲಿಸಿ ನಿಲ್ಲುವುದು ಅಲ್ಲಿ ಬಂದರೆ, ಗುಡೌರಿಯಲ್ಲಿ ಮೊದಲ ದಿನದ ಹೆದರಿಕೆ ಅರ್ಧ ಕಡಿಮೆ.

ಪೆರ್ಲದ ತೋಟದಮನೆ

ಎಲ್ಲರಿಗೂ ತುಂಬಾ ಉಪಕಾರ. ಮೇಷ್ಟ್ರೇ, ನಿಮ್ಮ ಮಾತು ಓದಿ ಆ ರಾತ್ರಿಯೇ ಅತ್ತಿಗೆಗೆ ಫೋನ್ ಮಾಡಿದೆ. "ನಿಮಗೆ ಎಷ್ಟು ಬರುತ್ತದೆ, ನಿಮಗೆ ಎಂಥ ಜಾಗ ಬೇಕು?" ಎಂದು ನೇರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಆಸ್ಟ್ರಿಯಾಕ್ಕೆ ಹೋದ ಎರಡೂ ಸಲ ಅವರು ಬೆಳಿಗ್ಗೆ ಎಲ್ಲರ ಜೊತೆ ಹೊರಟು, ಹತ್ತು ಗಂಟೆಗೆ ಹಿಂದೆ ಬಿದ್ದು, ಹೋಟೆಲಿಗೆ ವಾಪಸ್ ಬಂದು ಬಟ್ಟೆ ಒಣಗಿಸುತ್ತಿದ್ದರಂತೆ. ಅಣ್ಣನಿಗೆ ಹೇಳಿರಲಿಲ್ಲ. "ಅವರ ಖುಷಿ ಕೆಡಿಸುವುದು ಯಾಕೆ ಅಂತ" ಎಂದರು. ಈ ಸಲವೂ ಅಮ್ಮನ ಜೊತೆ ಕೂರುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದರಂತೆ. ನನಗೆ ಕಣ್ಣು ತುಂಬಿ ಬಂತು. ಹದಿನೇಳು ವರ್ಷದಿಂದ ನಮ್ಮ ಮನೆಯವರು ಅವರು, ನಾನು ಒಮ್ಮೆಯೂ ಕೇಳಿರಲಿಲ್ಲ.

ಅಣ್ಣನಿಗೂ ಅವರೇ ಹೇಳಿದರು. ಮರುದಿನ ಬೆಳಿಗ್ಗೆ ಅಣ್ಣ ಗುಡೌರಿಯ ನಕ್ಷೆ ಕಳಿಸಿದ್ದ, ನೀಲಿ ಗೆರೆಗಳ ಮೇಲೆಲ್ಲ ಗುರುತು ಹಾಕಿ. ಮೊದಲ ಎರಡು ದಿನ ಅವನು ಅತ್ತಿಗೆಯ ಜೊತೆ ನೀಲಿಯಲ್ಲೇ ಇರುತ್ತಾನಂತೆ. ಅವನ ಮಗಳು ಗುಲ್ಮಾರ್ಗ್ ಬಿಟ್ಟದ್ದಕ್ಕೆ ಸ್ವಲ್ಪ ಮುನಿಸಿಕೊಂಡಿದ್ದಾಳೆ. ಅಫರ್ವತ್‌ನ ವಿಷಯ ಅವಳಿಗೆ ಓದಿ ಹೇಳಿದೆವು. ದೊಡ್ಡವಳಾದ ಮೇಲೆ, ಹಿಮಕುಸಿತದ ತರಬೇತಿ ಮಾಡಿ ಹೋಗು ಎಂದೆವು. ಒಪ್ಪಿದ್ದಾಳೆ.

ಹಾಗಾಗಿ ಮಾರ್ಚ್ ಕೊನೆಯ ವಾರ ಗುಡೌರಿ. ದುಬೈಯಲ್ಲಿ ಎರಡು ದಿನ. ಅಮ್ಮನ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿ ಆಯಿತು. ನನ್ನ ಗಂಡ ಮತ್ತು ಭಾವ ದಿನಾ ಸಂಜೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಲು ಶುರು ಮಾಡಿದ್ದಾರೆ, ಮಕ್ಕಳು ಪಕ್ಕದಲ್ಲಿ ನಿಂತು ಎಣಿಸುತ್ತಾರೆ.

ಕೊನೆಯದಾಗಿ ಒಂದು ಪ್ರಶ್ನೆ. ಅಮ್ಮ ಮನೆಯಲ್ಲಿ ರಬ್ಬರ್ ಚಪ್ಪಲಿ ಹಾಕುವವರು, ಶೂ ಹಾಕಿಯೇ ಅಭ್ಯಾಸ ಇಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲೇ ಒಮ್ಮೆ ಜಾರಿದ್ದರು. ಗಟ್ಟಿಯಾದ ಮಂಜಿನ ಮೇಲೆ ಅವರು ನಡೆಯುವುದು ಹೇಗೆ?

ಮಂಜೇಶ್ವರದ ಮೇಷ್ಟ್ರು

ಓದಿ ತುಂಬಾ ಸಂತೋಷವಾಯಿತು. ಸೊಸೆಗೂ ತೋರಿಸಿದೆ. "ಆ ಅಕ್ಕನಿಗೆ ಮೊದಲ ದಿನ ಟೀಚರ್ ಒಬ್ಬರನ್ನು ಅವರಿಗಾಗಿಯೇ ಗೊತ್ತು ಮಾಡಲು ಹೇಳಿ ಮಾವ, ಗಂಡ ಕಲಿಸುವುದು ಬೇಡ" ಎಂದಳು. ಹಾಗೆಯೇ ಬರೆದಿದ್ದೇನೆ.

ಅಮ್ಮನಿಗೆ ಕಣಕಾಲು ಮುಚ್ಚುವ, ಅಡಿ ಉಬ್ಬು ಇರುವ ಶೂ ಈಗಲೇ ತೆಗೆದುಕೊಡಿ. ದಿನಾ ಅರ್ಧ ಗಂಟೆ ಅಂಗಳದಲ್ಲಿ ಹಾಕಿ ನಡೆಯಲಿ, ಮಾರ್ಚ್‌ಗೆ ಕಾಲಿಗೆ ಒಗ್ಗಿರುತ್ತದೆ. ಶೂವಿನ ಅಡಿಗೆ ಸಿಕ್ಕಿಸುವ ಸಣ್ಣ ಮುಳ್ಳಿನ ಸರಪಳಿ ಸಿಗುತ್ತದೆ, ರಬ್ಬರ್ ಪಟ್ಟಿಯದ್ದು, ಎಳೆದು ಹಾಕಿದರೆ ಕೂರುತ್ತದೆ. ಮಂಜಿನ ಮೇಲೆ ಅದು ಕಚ್ಚಿ ಹಿಡಿಯುತ್ತದೆ. ಕಟ್ಟಡದ ಒಳಗೆ ಹೋಗುವಾಗ ಮಾತ್ರ ನೆನಪಿನಿಂದ ತೆಗೆಯಬೇಕು, ಟೈಲ್ಸ್ ಮೇಲೆ ಅದೇ ಜಾರುತ್ತದೆ. ಕೈಗೊಂದು ಕೋಲು, ತುದಿಗೆ ಕಬ್ಬಿಣದ ಮೊಳೆ ಇರುವಂಥದ್ದು. ಇಳಿಯುವಾಗ ಯಾರಾದರೂ ಅವರ ಮುಂದೆ ಇರಿ, ಪಕ್ಕದಲ್ಲಿ ಅಲ್ಲ.

ನನ್ನ ಹೆಂಡತಿಗೆ 2019ರಲ್ಲಿ ತಂದ ಸರಪಳಿ ಚೆನ್ನಾಗಿಯೇ ಉಂಟು, ಕಪಾಟಿನಲ್ಲಿ ಸುಮ್ನೆ ಬಿದ್ದಿದೆ. ಬರುವ ಶನಿವಾರ ಬದಿಯಡ್ಕದಲ್ಲಿ ಒಂದು ಮದುವೆ ಉಂಟು, ತಂದುಕೊಡುತ್ತೇನೆ. ಅಮ್ಮನ ಶೂ ನಂಬರ್ ಎಷ್ಟು, ಹೇಳಿ.